ಪ್ಯಾಶನ್ ಫ್ರೂಟ್ ಬಳ್ಳಿ ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ಬಾಡುವುದೇಕೆ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು. ಹಿತ್ತಲಲ್ಲಿ ಎರಡು ವರ್ಷದ ಪ್ಯಾಶನ್ ಫ್ರೂಟ್ ಬಳ್ಳಿ ಇದೆ. ಕಳೆದ ವರ್ಷ ಚಪ್ಪರ ತುಂಬ ಹಣ್ಣು ಬಿಟ್ಟಿತ್ತು. ಈ ಸಲ ಪುಷ್ಯ ಮಳೆ ಹೊತ್ತಿಗೆ ಎಲೆ ಮೇಲೆ ಕಂದು ಚುಕ್ಕೆ ಕಾಣಿಸಿಕೊಂಡವು. ಆಮೇಲೆ ಒಂದು ವಾರದಲ್ಲಿ ಬಳ್ಳಿ ಪೂರ್ತಿ ಬಾಡಿತು. ಯಾವ ಔಷಧಿ ಹೊಡೆದರೆ ಉಳಿಯುತ್ತದೆ?

ಉತ್ತರ: ಔಷಧಿ ಹೆಸರು ಹೇಳುವ ಮೊದಲು ಒಂದು ಕೆಲಸ ಹೇಳುತ್ತೇನೆ. ಬಳ್ಳಿಯ ಬುಡದ ಹತ್ತಿರ ಹೋಗಿ ಕೂತುಕೊಳ್ಳಿ. ಬುಡದ ಸುತ್ತ ಇರುವ ದರಗು, ಗೊಬ್ಬರ, ಕಳೆ ಎಲ್ಲ ಕೈಯಲ್ಲೇ ಸರಿಸಿ. ಮಣ್ಣು ಮತ್ತು ಕಾಂಡ ಸೇರುವ ಜಾಗ ಕಾಣಬೇಕು. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿದೆ, ಎಲೆ ಮೇಲೆ ಅಲ್ಲ.

ಹೀಗೆ ಹೇಳಲು ಕಾರಣ ಇದೆ. ಎಲೆಯ ಕಂದು ಚುಕ್ಕೆ ಒಂದೇ ವಾರದಲ್ಲಿ ಇಡೀ ಬಳ್ಳಿಯನ್ನು ಕೊಲ್ಲುವುದಿಲ್ಲ. ಅದು ಎಲೆ ಉದುರಿಸುತ್ತದೆ, ಕಾಯಿ ಹಾಳು ಮಾಡುತ್ತದೆ, ಬಳ್ಳಿಯನ್ನು ನಿಧಾನವಾಗಿ ಸೊರಗಿಸುತ್ತದೆ. ಮೊನ್ನೆವರೆಗೂ ಹಸಿರಾಗಿದ್ದ ಬಳ್ಳಿ ದಿಢೀರ್ ಅಂತ ಜೋತು ಬಿದ್ದರೆ, ನೀರು ಮೇಲೆ ಹೋಗುವ ದಾರಿ ಕೆಳಗೆಲ್ಲೋ ಕಟ್ಟಿಕೊಂಡಿದೆ ಎಂದು ಅರ್ಥ. ನಿಮ್ಮ ಬಳ್ಳಿಗೆ ಬಹುಶಃ ಎರಡು ಕಾಯಿಲೆ ಒಟ್ಟಿಗೆ ಬಂದಿವೆ. ಕಣ್ಣಿಗೆ ಕಂಡದ್ದು ಒಂದು, ಬಳ್ಳಿ ತೆಗೆದದ್ದು ಇನ್ನೊಂದು.

ನಮ್ಮ ಮನೆಯ ಮೊದಲ ಬಳ್ಳಿ ಹೋದದ್ದೂ ಹೀಗೇ. ಬಚ್ಚಲ ನೀರು ಹರಿಯುವ ಕಡೆ ನೆಟ್ಟಿದ್ದೆವು. ಬೇಸಿಗೆಯಲ್ಲಿ ಬೇರೆ ನೀರು ಹಾಕುವ ಕೆಲಸವೇ ಇರಲಿಲ್ಲ, ಅಷ್ಟು ಚೆನ್ನಾಗಿ ಹಬ್ಬಿತ್ತು. ಆರಿದ್ರಾ ಮಳೆ ಹಿಡಿದ ಮೇಲೆ ಎಲೆ ಹಳದಿಯಾಯಿತು. ನಾನು ಎರಡು ಸಲ ಎಲೆಗೆ ಔಷಧಿ ಹೊಡೆದೆ. ಬುಡದ ಹತ್ತಿರ ಬಗ್ಗಿ ನೋಡಿದ್ದು ಬಳ್ಳಿ ಸತ್ತ ಮೇಲೆ. ಸಿಪ್ಪೆ ಬೆರಳಿಗೆ ಹಾಗೇ ಸುಲಿದು ಬಂತು, ಒಳಗೆಲ್ಲ ಕಂದು ಬಣ್ಣದ ಕೊಳೆ. ನೀವೂ ಅದೇ ತಪ್ಪು ಮಾಡಬಾರದು ಅಂತ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ಬುಡದಲ್ಲಿ ಏನು ನೋಡಬೇಕು ಅಂತ ಹೇಳುತ್ತೇನೆ. ನೆಲಮಟ್ಟದಲ್ಲಿ ಸಿಪ್ಪೆ ಮೆತ್ತಗಾಗಿದೆಯೇ, ಊದಿ ಬಿರಿದಿದೆಯೇ, ಸುತ್ತಲೂ ಉಂಗುರದ ಹಾಗೆ ಕಪ್ಪಾಗಿದೆಯೇ? ಹಾಗಿದ್ದರೆ ಅದು ಬುಡ ಕೊಳೆ. ಇದನ್ನು ತರುವ ಶಿಲೀಂಧ್ರದಂಥ ಜೀವಿಗಳಲ್ಲಿ ಮುಖ್ಯವಾದದ್ದು ಫೈಟಾಫ್ತೊರಾ. ಹೆಸರು ಹೊಸದು ಅನ್ನಿಸಬಹುದು, ಆದರೆ ಮಲೆನಾಡಿನವರಿಗೆ ಅದರ ಕಾಟ ಹೊಸದಲ್ಲ. ಅಡಿಕೆಗೆ ಕೊಳೆರೋಗ ತರುವುದು, ಕಾಳುಮೆಣಸಿನ ಬಳ್ಳಿಯನ್ನು ವಾರದಲ್ಲಿ ಒಣಗಿಸುವುದು, ಪ್ಯಾಶನ್ ಫ್ರೂಟ್ ಬಳ್ಳಿಯ ಬುಡ ಕೊಳೆಸುವುದು, ಮೂರೂ ಒಂದೇ ಮನೆತನದವು, ಜಾತಿ ಮಾತ್ರ ಬೇರೆ. ನಿಂತ ನೀರು, ಬಿಡದ ಮಳೆ, ಗಾಳಿ ಆಡದ ಜಾಗ ಸಿಕ್ಕರೆ ಇವಕ್ಕೆ ಹಬ್ಬ. ಕಾಯಿಗೆ ತಗುಲಿದರೆ ಬಿಸಿನೀರು ಬಿದ್ದಂಥ ದೊಡ್ಡ ಒದ್ದೆ ಕಲೆ ಆಗುತ್ತದೆ. ಥಂಡಿ ಜಾಸ್ತಿ ಇದ್ದರೆ ಅದರ ಮೇಲೆ ಬಿಳಿ ಬೂಸ್ಟು ಬರುತ್ತದೆ.

ಸಿಪ್ಪೆ ಗಟ್ಟಿಯಾಗೇ ಇದ್ದರೆ ಇನ್ನೊಂದು ಪರೀಕ್ಷೆ ಮಾಡಿ. ನೆಲದಿಂದ ಒಂದು ಗೇಣು ಮೇಲೆ ಕಾಂಡವನ್ನು ಚೂಪಾದ ಕತ್ತಿಯಲ್ಲಿ ಓರೆಯಾಗಿ ಕೊಯ್ಯಿರಿ. ಬಳ್ಳಿ ಹೇಗೂ ಬಾಡಿದೆ, ಹೆದರಬೇಕಿಲ್ಲ. ಒಳಗಿನ ಮರ ಬೆಳ್ಳಗೆ ಇರಬೇಕು. ಅದರಲ್ಲಿ ಕಂದು ಗೆರೆಗಳು ಮೇಲಿನವರೆಗೂ ಹೋಗಿದ್ದರೆ ಅದು ಫ್ಯುಸೇರಿಯಂ ಸೊರಗು ರೋಗ. ಈ ಶಿಲೀಂಧ್ರ ಬೇರಿನಿಂದ ಒಳಗೆ ಹೋಗಿ ನೀರಿನ ನಾಳಗಳಲ್ಲೇ ಬೆಳೆಯುತ್ತದೆ. ಕೆಲವು ಸಲ ಮೊದಲು ಒಂದು ಕವಲು ಮಾತ್ರ ಬಾಡುತ್ತದೆ, ಆಮೇಲೆ ಪೂರ್ತಿ. ಇದಕ್ಕೆ ಮದ್ದಿಲ್ಲ. ಎಲೆಗೆ ಹೊಡೆದರೂ ಅಷ್ಟೇ, ಬುಡಕ್ಕೆ ಸುರಿದರೂ ಅಷ್ಟೇ. ಬೇರು ಸಮೇತ ಕಿತ್ತು ಸುಡಬೇಕು. ಈ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ಅದೇ ಗುಂಡಿಯಲ್ಲಿ ಇನ್ನೊಂದು ಸಸಿ ನೆಡಬೇಡಿ. ಆ ಜಾಗದ ಮಣ್ಣು ಹತ್ತಿದ ಗುದ್ದಲಿಯನ್ನು ತೊಳೆಯದೆ ಬೇರೆ ಬಳ್ಳಿಯ ಬುಡಕ್ಕೂ ಒಯ್ಯಬೇಡಿ.

ಬೇರು ಕಿತ್ತಾಗ ಒಂದು ಕ್ಷಣ ಅದನ್ನೂ ನೋಡಿ. ಸಣ್ಣ ಬೇರುಗಳಲ್ಲಿ ಮಣಿ ಪೋಣಿಸಿದ ಹಾಗೆ ಗಂಟುಗಳಿದ್ದರೆ ಬೇರುಗಂಟು ಜಂತು ಇದೆ. ಕಣ್ಣಿಗೆ ಕಾಣದ ಹುಳು ಅದು. ಅದು ಮಾತ್ರ ಇದ್ದರೆ ಬಳ್ಳಿ ಹೀಗೆ ದಿಢೀರ್ ಸಾಯುವುದಿಲ್ಲ, ಏಳಿಗೆ ಇಲ್ಲದೆ ಬಡಕಲಾಗುತ್ತದೆ. ಆದರೆ ಅದು ಮಾಡಿದ ಗಾಯದಲ್ಲಿ ಫ್ಯುಸೇರಿಯಂಗೆ ಒಳಗೆ ಹೋಗುವುದು ಸುಲಭ.

ಮಧ್ಯಾಹ್ನ ಬಾಡಿ ಸಂಜೆಗೆ ಎದ್ದು ನಿಲ್ಲುವ ಬಳ್ಳಿಯನ್ನು ಮಾತ್ರ ಆತುರಪಟ್ಟು ಕೀಳಬೇಡಿ. ಮಾರ್ಚ್, ಏಪ್ರಿಲ್‌ನಲ್ಲಿ ಹೀಗಾದರೆ ಅದು ನೀರಿನ ಕೊರತೆ. ಮಳೆಗಾಲದಲ್ಲಿ ಹೀಗಾದರೆ ಬೇರು ಕೊಳೆಯಲು ಶುರುವಾಗಿದೆ. ಆಗ ಬಳ್ಳಿಯನ್ನು ಉಳಿಸಿಕೊಳ್ಳಲು ಇನ್ನೂ ಒಂದಿಷ್ಟು ದಿನ ಇರುತ್ತದೆ. ಮೊದಲು ನೀರು ಹೊರಗೆ ಹೋಗಲು ಬಸಿಗಾಲುವೆ ತೆಗೆಯಿರಿ. ಬುಡದ ಮಣ್ಣು ಬಿಡಿಸಿ ಗಾಳಿ ಬಿಸಿಲು ತಾಗುವಂತೆ ಮಾಡಿ. ಕೊಳೆತ ಸಿಪ್ಪೆಯನ್ನು ಗಟ್ಟಿ ಭಾಗ ಸಿಗುವವರೆಗೆ ಹೆರೆದು ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ ಲೇಪ) ಹಚ್ಚಿ. ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಕಲಸಿ ಬುಡ ನೆನೆಯುವಷ್ಟು ಸುರಿಯಿರಿ. ಮೇಲಿನ ಹಬ್ಬನ್ನು ಅರ್ಧದಷ್ಟು ಕತ್ತರಿಸಿ ಹಾಕಿ, ಉಳಿದ ಬೇರಿಗೆ ಅಷ್ಟು ಎಲೆ ಸಾಕುವ ಶಕ್ತಿ ಇರುವುದಿಲ್ಲ. ಕಾಂಡದ ಸುತ್ತ ಅರ್ಧಕ್ಕಿಂತ ಜಾಸ್ತಿ ಕೊಳೆತಿದ್ದರೆ ಈ ಕಷ್ಟ ಪಡುವುದು ಬೇಡ.

ಇನ್ನು ನೀವು ಕೇಳಿದ ಕಂದು ಚುಕ್ಕೆ. ಇದು ಆಲ್ಟರ್ನೇರಿಯಾ ಎಂಬ ಶಿಲೀಂಧ್ರದ್ದು. ಮೊದಲು ಸೂಜಿ ಮೊನೆಯಷ್ಟು ಕೆಂಪು-ಕಂದು ಚುಕ್ಕೆ. ಬೆಳೆದಾಗ ದುಂಡಗಾಗಿ ನಡುವೆ ಬಣ್ಣ ತಿಳಿಯಾಗುತ್ತದೆ. ಕಾಯಿಯ ಮೇಲೆ ತಗ್ಗಾದ ಕಂದು ಕಲೆ, ಅದರ ಸುತ್ತ ಸಿಪ್ಪೆ ಸುಕ್ಕುಗಟ್ಟುತ್ತದೆ, ಕಾಯಿ ಹಣ್ಣಾಗುವ ಮೊದಲೇ ಉದುರುತ್ತದೆ. ಎಳೆ ಕವಲಿನಲ್ಲಿ ಎಲೆ ತೊಟ್ಟಿನ ಹತ್ತಿರ ಉದ್ದುದ್ದ ಗಾಯ ಆದರೆ ಅದರ ಮುಂದಿನ ತುದಿ ಒಣಗುತ್ತದೆ. ನಮ್ಮ ಕಡೆ ಚಪ್ಪರದ ಮೇಲೆ ಬಳ್ಳಿ ಹಾಸಿಗೆಯ ಹಾಗೆ ದಪ್ಪ ಕಟ್ಟಿಕೊಂಡಿರುತ್ತದೆ, ಅಲ್ವಾ? ಅದರ ಒಳಗೆ ಒಣಗಿದ ಎಲೆ, ಹಳೆ ಕಡ್ಡಿ, ಸದಾ ತೇವ. ಆಲ್ಟರ್ನೇರಿಯಾಗೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ. ಆದ್ದರಿಂದ ಔಷಧಿಗಿಂತ ಮೊದಲು ಕತ್ತರಿ. ಹಣ್ಣಿನ ಕಾಲ ಮುಗಿದ ಮೇಲೆ ಬಳ್ಳಿಯನ್ನು ಸವರಿ, ಚಪ್ಪರದಿಂದ ಕೆಳಗೆ ಬೆಳಕು ಬೀಳಬೇಕು. ಈ ಬಳ್ಳಿ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಹಾಗಾಗಿ ಸವರಿದರೆ ಫಸಲಿಗೂ ಒಳ್ಳೆಯದೇ. ಉದುರಿದ ಎಲೆ, ಕಾಯಿ ಗುಡಿಸಿ ಸುಡಿ. ಆಮೇಲೂ ಚುಕ್ಕೆ ಹರಡುತ್ತಿದ್ದರೆ ಮ್ಯಾಂಕೋಜೆಬ್ ಲೀಟರಿಗೆ 2 ಗ್ರಾಂನಂತೆ, ಮಳೆ ಬಿಡುವು ಕೊಟ್ಟ ದಿನ ಎಲೆಯ ಎರಡೂ ಬದಿಗೆ ತಾಗುವ ಹಾಗೆ ಹೊಡೆಯಬಹುದು. ಹಣ್ಣು ತಿನ್ನಲು ಎಷ್ಟು ದಿನ ಕಾಯಬೇಕು ಅಂತ ಪೊಟ್ಟಣದ ಮೇಲೆ ನೋಡಿಕೊಳ್ಳಿ.

ನಾನು ಮ್ಯಾಂಕೋಜೆಬ್‌ಗಿಂತ ಬೋರ್ಡೋ ದ್ರಾವಣವನ್ನೇ ನಂಬುತ್ತೇನೆ. ಅದಕ್ಕೆ ಕಾರಣ ಸರಳ. ಅಡಿಕೆ ತೋಟ ಇರುವ ಮನೆಯಲ್ಲಿ ಮಳೆಗೆ ಮುಂಚೆ ಅದು ಹೇಗೂ ತಯಾರಾಗುತ್ತದೆ. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಬೆನ್ನು ಹತ್ತಿ ಕೆಲಸ ಮಾಡಿದರು. ಅಡಿಕೆ ಗೊನೆಗೆ ಬೋರ್ಡೋ ಹೊಡೆಯುವುದು ನಮ್ಮಲ್ಲಿ ರೂಢಿಯಾದದ್ದು ಆ ಕೆಲಸದಿಂದ. ಗೊನೆಗೆ ಔಷಧಿ ಹೊಡೆಸುವ ದಿನ ಒಂದು ಕೊಡ ತೆಗೆದಿಟ್ಟುಕೊಳ್ಳಿ. ಪ್ಯಾಶನ್ ಫ್ರೂಟಿನ ಬುಡದಿಂದ ಎರಡು ಅಡಿ ಎತ್ತರದವರೆಗೆ ಕಾಂಡಕ್ಕೆ ಬಳಿಯಿರಿ, ಉಳಿದದ್ದನ್ನು ಬಲಿತ ಎಲೆಗೆ ಹೊಡೆಯಿರಿ. ಎಳೆ ಚಿಗುರನ್ನು ತಾಮ್ರ ಕೆಲವು ಸಲ ಸುಡುತ್ತದೆ. ಮೊದಲು ಒಂದೆರಡು ಕವಲಿಗೆ ಹೊಡೆದು ನಾಲ್ಕು ದಿನ ನೋಡುವುದು ಒಳ್ಳೆಯದು. 40-45 ದಿನ ಬಿಟ್ಟು ಅಡಿಕೆಗೆ ಎರಡನೇ ಸಲ ಹೊಡೆಯುತ್ತೀರಲ್ಲ, ಆಗ ಇದಕ್ಕೂ ಇನ್ನೊಮ್ಮೆ.

ಅಡಿಕೆ ತೋಟ ಇಲ್ಲದವರು 10 ಲೀಟರ್ ಮಾತ್ರ ಮಾಡಿಕೊಳ್ಳಬಹುದು. 5 ಲೀಟರ್ ನೀರಿನಲ್ಲಿ 100 ಗ್ರಾಂ ಮೈಲುತುತ್ತ, ಇನ್ನೊಂದು 5 ಲೀಟರಿನಲ್ಲಿ 100 ಗ್ರಾಂ ಒಳ್ಳೆಯ ಸುಟ್ಟ ಸುಣ್ಣ. ಪ್ಲಾಸ್ಟಿಕ್ ಬಕೆಟ್ ಬಳಸಿ, ಕಬ್ಬಿಣದ್ದು ಬೇಡ. ಸುಣ್ಣ ತಣ್ಣಗಾದ ಮೇಲೆ ಸೋಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಕಲಕಿ. ಆಕಾಶದ ನೀಲಿ ಬರುತ್ತದೆ. ಹೊಳೆಯುವ ಬ್ಲೇಡನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅದಕ್ಕೆ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಮಾಡಿದ ದಿನವೇ ಮುಗಿಸಿ.

ಒಂದು ಕಾಯಿಲೆಗೆ ಮಾತ್ರ ಬುಡ ನೋಡಿದರೆ ಗೊತ್ತಾಗುವುದಿಲ್ಲ. ಎಲೆಯಲ್ಲಿ ಹಳದಿ-ಹಸಿರು ಮಚ್ಚೆ, ಎಲೆ ಮುದುಡಿ ಉಬ್ಬುತಗ್ಗು, ಕಾಯಿ ಸಣ್ಣದಾಗಿ ಸೊಟ್ಟಗೆ, ಕೊಯ್ದರೆ ಸಿಪ್ಪೆ ದಪ್ಪ ಮತ್ತು ಮರದಷ್ಟು ಗಟ್ಟಿ, ಒಳಗೆ ರಸವೇ ಇಲ್ಲ. ಇದು ವೈರಸ್. ಇದಕ್ಕೂ ಮದ್ದಿಲ್ಲ. ಹರಡುವುದು ಗಿಡಹೇನು. ಅದು ಎಲೆಗೆ ಒಮ್ಮೆ ಸೊಂಡಿಲು ಚುಚ್ಚಿದರೆ ಸಾಕು, ಕೆಲವೇ ಕ್ಷಣದಲ್ಲಿ ವೈರಸ್ ದಾಟಿರುತ್ತದೆ. ಆದ್ದರಿಂದ ಹೇನಿಗೆ ವಿಷ ಹೊಡೆದು ಈ ರೋಗ ತಡೆಯುವುದು ಆಗದ ಮಾತು. ರೋಗದ ಬಳ್ಳಿಯನ್ನು ಬೇಗ ಕಿತ್ತರೆ ಉಳಿದವು ಬದುಕುತ್ತವೆ. ನಿಮ್ಮ ಕತ್ತರಿಯೂ ಇದನ್ನು ಹರಡುತ್ತದೆ. ಒಂದು ಬಳ್ಳಿಯಿಂದ ಇನ್ನೊಂದಕ್ಕೆ ಹೋಗುವಾಗ ಸೋಪಿನ ನೀರಿನಲ್ಲಿ ತೊಳೆಯಿರಿ. ನೆಂಟರ ಮನೆಯಿಂದ ಕಡ್ಡಿ ತರುವ ಪ್ರೀತಿಯ ಪದ್ಧತಿ ನಮ್ಮಲ್ಲಿದೆ. ತರುವ ಮೊದಲು ಆ ಬಳ್ಳಿಯ ಎಲೆ, ಕಾಯಿ ಎರಡನ್ನೂ ನೋಡಿ, ಏಕೆಂದರೆ ಕಡ್ಡಿಯ ಜೊತೆ ವೈರಸ್ಸೂ ಬರುತ್ತದೆ. ಅಲಸಂದೆಯಂಥ ದ್ವಿದಳ ಗಿಡಗಳಲ್ಲೂ ಈ ಗುಂಪಿನ ವೈರಸ್ ಇರಬಲ್ಲದು. ಅದನ್ನು ಇದೇ ಚಪ್ಪರದ ಕೆಳಗೆ ಹಾಕದಿರುವುದು ವಾಸಿ.

ಕಾಯಿಲೆ ಅಲ್ಲದ್ದನ್ನು ಕಾಯಿಲೆ ಅಂದುಕೊಳ್ಳುವುದೂ ಇದೆ. ಉದುರಿದ ಹಣ್ಣಿನ ಸಿಪ್ಪೆ ಎರಡು ಮೂರು ದಿನಕ್ಕೆ ಸುಕ್ಕಾಗುತ್ತದೆ, ಆಗಲೇ ಅದು ಹೆಚ್ಚು ಸಿಹಿ. ಎಸೆಯಬೇಡಿ. ಜಡಿಮಳೆಯಲ್ಲಿ ಹೂವೆಲ್ಲ ಉದುರಿ ಕಾಯಿ ಕಟ್ಟದಿದ್ದರೂ ಗಾಬರಿ ಬೇಡ. ಪರಾಗಕ್ಕೆ ನೀರು ತಾಗಿದರೆ ಅದು ಒಡೆದು ಹೋಗುತ್ತದೆ, ದುಂಬಿಯೂ ಬರುವುದಿಲ್ಲ. ಇನ್ನೊಂದು ಮಾತು, ಈ ಬಳ್ಳಿ ಹಲಸಿನ ಮರದಂತೆ ತಲೆಮಾರು ಬಾಳುವುದಲ್ಲ. ನಾಲ್ಕೈದು ವರ್ಷ ಚೆನ್ನಾಗಿ ಕೊಟ್ಟರೆ ಅದರ ಆಯಸ್ಸು ಹೆಚ್ಚುಕಡಿಮೆ ಮುಗಿಯಿತು.

ನಿಮ್ಮದು ಎರಡೇ ವರ್ಷಕ್ಕೆ ಹೋಯಿತು, ಹೊಸದು ನೆಡಲೇಬೇಕು. ಹಳೆ ಗುಂಡಿಯಿಂದ ದೂರ, ನೀರು ನಿಲ್ಲದ ಇಳಿಜಾರಿನಲ್ಲಿ ಜಾಗ ಹುಡುಕಿ. ನೆಲದ ಮಟ್ಟಕ್ಕಿಂತ ಒಂದು ಅಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಿ. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ, ಫ್ಯುಸೇರಿಯಂಗೆ ಅದು ಇಷ್ಟ. ನೆಡುವ ತಿಂಗಳ ಮೊದಲೇ ಗುಂಡಿಗೆ ಸ್ವಲ್ಪ ಕೃಷಿ ಸುಣ್ಣ ಬೆರೆಸಿ. 10 ಕಿಲೋ ಹಳೆ ಕೊಟ್ಟಿಗೆ ಗೊಬ್ಬರಕ್ಕೆ ಒಂದು ಕಿಲೋ ಬೇವಿನ ಹಿಂಡಿ, 100 ಗ್ರಾಂ ಟ್ರೈಕೋಡರ್ಮಾ ಸೇರಿಸಿ, ನೆರಳಲ್ಲಿ ತೇವ ಆರದಂತೆ ಗೋಣಿ ಮುಚ್ಚಿ ಎರಡು ವಾರ ಇಟ್ಟು ಆಮೇಲೆ ಗುಂಡಿಗೆ ಹಾಕಿ. ಟ್ರೈಕೋಡರ್ಮಾ ಕೂಡ ಒಂದು ಶಿಲೀಂಧ್ರವೇ, ಆದರೆ ನಮ್ಮ ಪರ. ತಾಮ್ರದ ಔಷಧಿ ಬಿದ್ದರೆ ಅದೂ ಸಾಯುತ್ತದೆ, ಹಾಗಾಗಿ ಎರಡರ ನಡುವೆ ಎರಡು ಮೂರು ವಾರ ಅಂತರ ಇರಲಿ.

ಯಾವ ತಳಿ? ನೇರಳೆ ಹಣ್ಣಿಗೆ ರುಚಿ ಜಾಸ್ತಿ, ಸೊರಗು ರೋಗವೂ ಜಾಸ್ತಿ. ಹಳದಿ ಹಣ್ಣಿನ ಬೇರು ಫ್ಯುಸೇರಿಯಂ ಮತ್ತು ಬೇರುಗಂಟು ಜಂತುವನ್ನು ಚೆನ್ನಾಗಿ ತಡೆಯುತ್ತದೆ. ಆಸ್ಟ್ರೇಲಿಯಾದ ಬೆಳೆಗಾರರು ಹಳದಿಯ ಬೇರಿನ ಮೇಲೆ ನೇರಳೆಯನ್ನು ಕಸಿ ಕಟ್ಟುತ್ತಾರೆ. ಅಂಥ ಕಸಿ ಸಸಿ ಸಿಕ್ಕರೆ ಬಿಡಬೇಡಿ, ಆದರೆ ಕಸಿ ಗಂಟು ನೆಲದಿಂದ ಒಂದು ಗೇಣಿಗೂ ಮೇಲಿರಲಿ. ಗಂಟಿನ ಮೇಲೆ ಮಣ್ಣು ಏರಿದರೆ ನೇರಳೆಯೇ ಬೇರು ಬಿಟ್ಟು ರೋಗ ಹಿಡಿಸಿಕೊಳ್ಳುತ್ತದೆ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ನೇರಳೆ-ಹಳದಿ ಕೂಡಿಸಿ ಮಾಡಿದ ಕಾವೇರಿ ತಳಿಯೂ ನಮ್ಮ ಹವೆಗೆ ಒಗ್ಗುತ್ತದೆ. ಯಾವುದೇ ತಳಿ ಇರಲಿ, ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ದರಗು ಹೊದಿಸುವಾಗ ಕಾಂಡದ ಸುತ್ತ ಒಂದು ಗೇಣು ಜಾಗ ಖಾಲಿ ಬಿಡಿ. ಕಳೆಯನ್ನು ಕತ್ತಿಯಲ್ಲಿ ಸವರಬೇಡಿ, ಕೈಯಲ್ಲಿ ಕೀಳಿ, ಬುಡದ ಗಾಯವೇ ರೋಗಕ್ಕೆ ಬಾಗಿಲು.

ಬುಡ ನೋಡಿದ ಮೇಲೂ ಅನುಮಾನ ಉಳಿದರೆ ಕಿತ್ತ ಬಳ್ಳಿಯ ಬೇರು, ಒಂದು ಮೊಳ ಕಾಂಡ, ಒಂದು ಹಿಡಿ ಬುಡದ ಮಣ್ಣು, ಮೂರನ್ನೂ ಬೇರೆ ಬೇರೆ ಕವರಿನಲ್ಲಿ ಕಟ್ಟಿಕೊಂಡು ಶಿವಮೊಗ್ಗದ ಕೃಷಿ ವಿಜ್ಞಾನ ಕೇಂದ್ರಕ್ಕೋ ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೋ ಹೋಗಿ. ಹೊಸನಗರದಿಂದ ಎರಡೂ ಒಂದು ದಿನದಲ್ಲಿ ಹೋಗಿ ಬರುವಷ್ಟು ದೂರ. ಎಲೆ ಮಾತ್ರ ಒಯ್ಯಬೇಡಿ.