ಕ್ರಾಸ್-ಗ್ರೇನ್ಡ್: ಮರದಿಂದ ಮನುಷ್ಯನಿಗೆ ಬಂದ ಗುಣವಾಚಕ

‘ಗ್ರೇನ್’ ಎಂದೊಡನೆ ಮಂಡ್ಯದ ಓದುಗರಿಗೆ ಭತ್ತವೋ ರಾಗಿಯೋ ನೆನಪಾಗುವುದು ಸಹಜ. ಆದರೆ ‘ಕ್ರಾಸ್-ಗ್ರೇನ್ಡ್’ ಎಂಬ ಇಂಗ್ಲಿಷ್ ಗುಣವಾಚಕದಲ್ಲಿರುವುದು ಧಾನ್ಯವಲ್ಲ, ಮರದೊಳಗೆ ನಾರುಗಳು ಸಾಗುವ ದಿಕ್ಕು. ಆ ನಾರುಗಳು ಹಲಗೆಯ ಉದ್ದಕ್ಕೆ ನೇರವಾಗಿ ಹೋಗದೆ ಓರೆಯಾಗಿಯೋ ಸುರುಳಿಯಾಗಿಯೋ ಬೆಳೆದಿದ್ದರೆ ಅಂಥ ಮರ ಕ್ರಾಸ್-ಗ್ರೇನ್ಡ್.

ಮೈಸೂರಿನ ಇನ್ಲೇ ಕೆಲಸಕ್ಕೆ (ಮರದಲ್ಲಿ ಬೇರೆ ಬಣ್ಣದ ತುಣುಕುಗಳನ್ನು ಕೂರಿಸಿ ಚಿತ್ರ ಮೂಡಿಸುವ ಕಲೆಗೆ) ಆಧಾರವಾದ ಬೀಟೆ ಮರವೇ ಇದಕ್ಕೆ ಹತ್ತಿರದ ಉದಾಹರಣೆ. ಅದರ ನಾರುಗಳು ಸಾಮಾನ್ಯವಾಗಿ ಒಂದು ಪದರದಲ್ಲಿ ಬಲಕ್ಕೆ, ಮುಂದಿನ ಪದರದಲ್ಲಿ ಎಡಕ್ಕೆ ವಾಲಿ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ನೇರ ನಾರಿನ ಮರವಾದರೆ ಹತ್ತರಿಯನ್ನು (ಮರವನ್ನು ಹೆರೆದು ನಯಗೊಳಿಸುವ ಉಪಕರಣವನ್ನು) ಯಾವ ದಿಕ್ಕಿಗೆ ಹೊಡೆಯಬೇಕೆಂದು ಒಮ್ಮೆ ತಿಳಿದುಕೊಂಡರೆ ಸಾಕು. ಹೆಣೆದ ನಾರಿನ ಮರದಲ್ಲಾದರೋ ಒಂದು ಪಟ್ಟಿಯ ಮೇಲೆ ನಯವಾಗಿ ಸಾಗಿದ ಅಲಗು ಪಕ್ಕದ ಪಟ್ಟಿಯಲ್ಲಿ ನಾರನ್ನು ಕಿತ್ತೆಬ್ಬಿಸುತ್ತದೆ. ಹತ್ತರಿಯನ್ನು ತಿರುಗಿಸಿ ಹಿಡಿದರೆ ಮೊದಲು ನಯವಾಗಿದ್ದ ಪಟ್ಟಿಯೇ ಕಿತ್ತು ಬರುತ್ತದೆ. ಅಂಥ ಮರವನ್ನು ಸೀಳುವುದೂ ಕಷ್ಟ. ಹಾಗೆಂದು ಇದನ್ನು ದೋಷವೆಂದಷ್ಟೇ ಎಣಿಸಲಾಗದು, ಏಕೆಂದರೆ ತಕ್ಕ ಕೋನದಲ್ಲಿ ಕೊಯ್ದಾಗ ಹಲಗೆಯ ಮೇಲೆ ಮಿನುಗುವ ನೆರಳು-ಬೆಳಕಿನ ಪಟ್ಟೆಗಳು ಈ ಹೆಣಿಗೆಯಿಂದಲೇ ಹುಟ್ಟುತ್ತವೆ.

ಯಾವ ಕಡೆಯಿಂದ ಬಂದರೂ ಎದುರು ನಿಲ್ಲುವ ಈ ಗುಣವೇ ಪದವನ್ನು ಮನುಷ್ಯರವರೆಗೆ ಕೊಂಡೊಯ್ದಿದೆ. 17ನೆಯ ಶತಮಾನದಿಂದಲೂ ಇಂಗ್ಲಿಷಿನಲ್ಲಿ ಯಾರೊಂದಿಗೂ ಹೊಂದಿಕೊಳ್ಳದ, ಮಾತುಮಾತಿಗೂ ಅಡ್ಡ ಮಾತಾಡುವ ವ್ಯಕ್ತಿಯನ್ನು ಕ್ರಾಸ್-ಗ್ರೇನ್ಡ್ ಎಂದು ಕರೆಯಲಾಗಿದೆ. ಕನ್ನಡದಲ್ಲಿ ಇದಕ್ಕೆ ‘ಹಠಮಾರಿ’ ಎಂದು ಬರೆದುಬಿಡುವುದು ಸುಲಭ, ಆದರೆ ನನ್ನ ದೃಷ್ಟಿಯಲ್ಲಿ ಅದು ಸಾಲದು. ಹಠಮಾರಿ ತನಗೆ ಬೇಕಾದುದನ್ನು ಹಿಡಿದು ಬಿಡದವನು. ಅದು ದಕ್ಕಿದ ಮೇಲೆ ಸುಮ್ಮನಾಗುತ್ತಾನೆ. ‘ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು’ ಎಂಬ ಗಾದೆ ಇನ್ನೂ ಹತ್ತಿರ ಬರುತ್ತದೆ, ಆದರೂ ಆ ಕೋಣಕ್ಕೆ ನೀರೆಂಬ ಗುರಿಯಿದೆ. ಕ್ರಾಸ್-ಗ್ರೇನ್ಡ್ ವ್ಯಕ್ತಿಗೆ ಅಂಥ ಗುರಿ ಬೇಕಿಲ್ಲ. ನಿನ್ನೆ ತಾನೇ ಕೇಳಿದ್ದನ್ನು ಇಂದು ಕೊಟ್ಟರೂ ಅದರಲ್ಲೊಂದು ತಕರಾರು ತೆಗೆಯುತ್ತಾನೆ. ‘ಅಡ್ಡ ಸ್ವಭಾವದ’ ಎಂಬುದು ಇದಕ್ಕೆ ತಕ್ಕಮಟ್ಟಿಗೆ ಹೊಂದುತ್ತದೆ.

ಪದದ ರಚನೆಯೂ ಗಮನಾರ್ಹ. ಕೊನೆಯ ‘ಡ್’ ಪ್ರತ್ಯಯವನ್ನು ಕಂಡು ಇದನ್ನು ಭೂತಕಾಲದ ಕ್ರಿಯಾರೂಪವೆಂದು ತಿಳಿಯಬಾರದು. ನಾಮಪದಕ್ಕೆ ಹತ್ತಿದ ಆ ಪ್ರತ್ಯಯಕ್ಕೆ ‘ಉಳ್ಳ’ ಎಂದರ್ಥ. ಮೂರು ಕಣ್ಣುಳ್ಳವನು ಮುಕ್ಕಣ್ಣನಾಗುವಂತೆ ಅಡ್ಡ ನಾರುಳ್ಳದ್ದು ಕ್ರಾಸ್-ಗ್ರೇನ್ಡ್, ಅಂದರೆ ನಮ್ಮ ವ್ಯಾಕರಣದ ಬಹುವ್ರೀಹಿ ಸಮಾಸದ ಬಗೆ. ‘ಕ್ರಾಸ್’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಸಿಡುಕು ಎಂಬ ಅರ್ಥವೂ ಇದೆಯಾದರೂ ಇಲ್ಲಿರುವುದು ‘ಅಡ್ಡ’ ಎಂಬ ಮೂಲಾರ್ಥ.

ಬಳಸುವಾಗ ಒಂದು ಎಚ್ಚರ ಅಗತ್ಯ. ನಾರಿನ ದಿಕ್ಕು ಮರದ ಬೆಳವಣಿಗೆಯಲ್ಲೇ ಕೂಡಿಬಂದದ್ದಾದ್ದರಿಂದ ಈ ಪದ ಸ್ವಭಾವವನ್ನು ಹೇಳುತ್ತದೆಯೇ ಹೊರತು ಆ ಹೊತ್ತಿನ ಮನಃಸ್ಥಿತಿಯನ್ನಲ್ಲ. ಸಭೆಯೊಂದರಲ್ಲಿ ಒಮ್ಮೆ ಭಿನ್ನಮತ ಸೂಚಿಸಿದವರಿಗೆ ಇದನ್ನು ಅಂಟಿಸಿದರೆ ಪದಕ್ಕೂ ಅನ್ಯಾಯ, ಅವರಿಗೂ ಅನ್ಯಾಯ.