ಗೇಟಿಗೆ ‘ನಾಯಿ ಇದೆ ಎಚ್ಚರಿಕೆ’ ಬೋರ್ಡ್ ಇದ್ದರೆ ಪರಿಹಾರ ಸಿಗೋದಿಲ್ವಾ?

ಪ್ರಶ್ನೆ: ಪಕ್ಕದ ಬೀದಿಯವರ ಮನೆಗೆ ಮದುವೆ ಕಾಗದ ಕೊಡಲು ಹೋಗಿದ್ದೆ. ಗೇಟು ತೆಗೆದ ಕೂಡಲೇ ಅವರ ನಾಯಿ ಬಂದು ಮೀನಖಂಡಕ್ಕೆ ಕಚ್ಚಿತು. ಆಳವಾದ ಗಾಯ, 12 ದಿನ ಕೆಲಸಕ್ಕೆ ಹೋಗಲಾಗಲಿಲ್ಲ. ಖರ್ಚು ಕೇಳಿದರೆ ‘ಬೋರ್ಡ್ ಹಾಕಿದ್ದೀವಲ್ಲ, ನೋಡ್ಕೊಂಡು ಬರಬೇಕಿತ್ತು’ ಅನ್ನುತ್ತಾರೆ. ಕಾನೂನಿನಲ್ಲಿ ನನಗೆ ಏನೂ ಸಿಗುವುದಿಲ್ಲವೇ?

ಸಿಗುತ್ತದೆ. ಬೋರ್ಡ್ ಇದ್ದರೂ ಸಿಗುತ್ತದೆ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ತಪ್ಪಿದೆ. ಊರು ಬೇರೆ, ನಾಯಿಯ ಜಾತಿ ಬೇರೆ, ಕೊನೆಗೆ ಮಾಲೀಕರು ಹೇಳುವ ಮಾತು ಮಾತ್ರ ಅದೇ: ‘ಬೋರ್ಡ್ ಇತ್ತಲ್ಲ!’ ಕಚ್ಚಿಸಿಕೊಂಡವರು ಅದನ್ನು ನಂಬಿ ಸುಮ್ಮನಾಗುತ್ತಾರೆ. ಬೇಸರ ಆಗುವುದು ಅದಕ್ಕೇ. ಹಾಗಾಗಿ ಈ ಸಲ ಬೋರ್ಡಿನ ವಿಷಯವನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ.

ಮೊದಲು ಕಾನೂನಿನ ಮಾತು ನೋಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಇದಕ್ಕೆಂದೇ ಇದೆ. ಹಳೆಯ ಐಪಿಸಿಯಲ್ಲಿ ಇದು 289 ಆಗಿತ್ತು. ತನ್ನ ಬಳಿ ಇರುವ ಪ್ರಾಣಿಯಿಂದ ಇನ್ನೊಬ್ಬರ ಜೀವಕ್ಕೆ ಅಪಾಯವೋ ತೀವ್ರ ಗಾಯವೋ ಆಗಬಹುದು ಅನ್ನುವಂತಿದ್ದರೆ, ಅದನ್ನು ತಡೆಯಲು ಸಾಕಾಗುವಷ್ಟು ಕ್ರಮ ತೆಗೆದುಕೊಳ್ಳಬೇಕು. ಗೊತ್ತಿದ್ದೂ ತೆಗೆದುಕೊಳ್ಳದಿದ್ದರೆ, ಅಥವಾ ನಿರ್ಲಕ್ಷ್ಯ ಮಾಡಿದರೆ, 6 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದರಲ್ಲಿ ‘ಸಾಕಾಗುವಷ್ಟು’ ಅನ್ನುವ ಪದವನ್ನು ಹಿಡಿದುಕೊಳ್ಳಿ. ಗೇಟಿಗೆ ಚಿಲಕ ಹಾಕುವುದು ಕ್ರಮ. ಕಟ್ಟಿಹಾಕುವುದು ಕ್ರಮ. ಹೊರಗೆ ಕರೆದೊಯ್ಯುವಾಗ ಬೆಲ್ಟು ಹಿಡಿದುಕೊಳ್ಳುವುದು ಕ್ರಮ. ಇವೆಲ್ಲ ನಾಯಿಯನ್ನು ತಡೆಯುತ್ತವೆ. ಬೋರ್ಡು ನಾಯಿಯನ್ನು ತಡೆಯುವುದಿಲ್ಲ.

ಇನ್ನೊಂದು ಮುಖ್ಯ ಸಂಗತಿ ಇದೆ. ಇದನ್ನು ಹೇಳಿದಾಗ ಎಷ್ಟೋ ಮಾಲೀಕರ ಮುಖದ ಬಣ್ಣ ಬದಲಾಗಿದ್ದನ್ನು ನೋಡಿದ್ದೇನೆ. ನಾಯಿ ಕಚ್ಚಿದ ಪ್ರಕರಣಗಳಲ್ಲಿ ನ್ಯಾಯಾಲಯ ಹಿಂದಿನಿಂದಲೂ ಕೇಳುವ ಒಂದು ಪ್ರಶ್ನೆ ಇದು: ಈ ನಾಯಿ ಮೈಮೇಲೆ ಬೀಳುತ್ತದೆ ಅನ್ನುವುದು ಮಾಲೀಕನಿಗೆ ಗೊತ್ತಿತ್ತೇ? ‘ನಮ್ಮ ನಾಯಿ ಇವತ್ತಿನವರೆಗೆ ಯಾರಿಗೂ ಕಚ್ಚಿಲ್ಲ’ ಎಂದು ಮಾಲೀಕರು ವಾದ ಮಾಡುವುದು ಇದೇ ಕಾರಣಕ್ಕೆ. ಹಾಗಾದರೆ ಗೇಟಿನ ಮೇಲೆ ‘ಎಚ್ಚರಿಕೆ’ ಎಂದು ಬರೆಸಿದ್ದು ಯಾಕೆ? ಅಪಾಯ ಇದೆ ಅನ್ನುವುದು ಗೊತ್ತಿತ್ತು ಎಂದು ಆ ಬೋರ್ಡೇ ಸಾಕ್ಷಿ ಹೇಳುತ್ತದೆ. ತಮ್ಮನ್ನು ಕಾಪಾಡುತ್ತದೆ ಎಂದು ಅವರು ನಂಬಿದ್ದು ನಿಮ್ಮ ಪರವಾಗಿ ನಿಲ್ಲುತ್ತದೆ. ಆದ್ದರಿಂದ ಇವತ್ತೇ ಅದರ ಫೋಟೋ ತೆಗೆದಿಟ್ಟುಕೊಳ್ಳಿ.

‘ಬೋರ್ಡು ಓದಿಯೂ ಒಳಗೆ ಬಂದರಲ್ಲ, ಅಂದಮೇಲೆ ಒಪ್ಪಿಕೊಂಡೇ ಬಂದಂತೆ’ ಅನ್ನುವುದು ಮುಂದಿನ ವಾದ. ಇದೂ ನಿಲ್ಲುವುದಿಲ್ಲ. ಅಪಾಯ ಇದೆ ಎಂದು ತಿಳಿಯುವುದು ಬೇರೆ, ಕಚ್ಚಿಸಿಕೊಳ್ಳಲು ಒಪ್ಪುವುದು ಬೇರೆ. ಕಾಗದ ಕೊಡುವವರು, ಗ್ಯಾಸ್ ತರುವವರು, ಮೀಟರ್ ನೋಡುವವರು, ಅಂಚೆಯವರು, ಇವರೆಲ್ಲ ಬಾಗಿಲವರೆಗೆ ಬರುತ್ತಾರೆ ಅನ್ನುವುದು ಪ್ರತಿ ಮನೆಯವರಿಗೂ ಗೊತ್ತು. ಬರಬೇಡಿ ಅನ್ನುವುದಾದರೆ ಗೇಟಿಗೆ ಬೀಗ ಹಾಕಿ ಹೊರಗೆ ಬೆಲ್ ಇಡಬೇಕು. ಓದಲು ಬಾರದ ಮಗು ಬಂದರೆ? ಕತ್ತಲಲ್ಲಿ ಬೋರ್ಡು ಕಾಣದಿದ್ದರೆ? ಇಂಗ್ಲೆಂಡಿನಲ್ಲಿ 1830ರಷ್ಟು ಹಿಂದೆಯೇ ಇಂಥದ್ದೊಂದು ಕೇಸು ಬಂದಿತ್ತು. ಬೋರ್ಡು ಇತ್ತು, ಕಚ್ಚಿಸಿಕೊಂಡವನಿಗೆ ಓದಲು ಬರುತ್ತಿರಲಿಲ್ಲ. ಅವನೇ ಗೆದ್ದ.

ಈ ಎಚ್ಚರಿಕೆ ಇನ್ನೂ ಹಳೆಯದು. ಇಟಲಿಯ ಪೊಂಪೈ ನಗರ ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋಯಿತು. ಅಲ್ಲಿನ ಒಂದು ಮನೆಯ ಹೊಸ್ತಿಲಲ್ಲಿ ಸಣ್ಣ ಕಲ್ಲುಗಳನ್ನು ಜೋಡಿಸಿ ಮಾಡಿದ ನಾಯಿಯ ಚಿತ್ರ ಇದೆ. ಕೆಳಗೆ ‘ನಾಯಿ ಇದೆ ಎಚ್ಚರ’ ಅನ್ನುವ ಲ್ಯಾಟಿನ್ ಬರಹ. ಆ ಚಿತ್ರವನ್ನು ನೋಡಿದಾಗಲೆಲ್ಲ ನನ್ನ ಕಣ್ಣು ಹೋಗುವುದು ನಾಯಿಯ ಕತ್ತಿಗೆ. ಅದನ್ನು ಸರಪಳಿಯಲ್ಲಿ ಕಟ್ಟಿದ್ದಾರೆ.

ಬೋರ್ಡಿಗೆ ಬೆಲೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಕಾಂಪೌಂಡ್ ಹಾರಿ ಬಂದವನಿಗೆ ಕಚ್ಚಿದರೆ ಅದು ಮಾಲೀಕನ ಕೈ ಹಿಡಿಯಬಹುದು. ಕಟ್ಟಿಹಾಕಿದ ನಾಯಿಯನ್ನು ಯಾರಾದರೂ ಕೆಣಕಿದ್ದರೆ, ‘ಬರಬೇಡಿ, ತಡೀರಿ’ ಎಂದು ಕೂಗಿದರೂ ನುಗ್ಗಿದ್ದರೆ, ಅವರದೂ ತಪ್ಪಿದೆ ಎಂದು ಪರಿಹಾರ ಕಡಿಮೆಯಾಗಬಹುದು. ಕಚ್ಚಿದ್ದು ರಸ್ತೆಯಲ್ಲಾದರೆ ಮಾತ್ರ ಬೋರ್ಡಿನ ಪ್ರಸ್ತಾಪವೇ ಬರುವುದಿಲ್ಲ. ನಮ್ಮ ಮನೆಯಲ್ಲೂ ನಾಯಿ ಇದೆ, ಗೇಟಿಗೆ ಬೋರ್ಡೂ ಇದೆ. ಬಂದವರು ಒಂದು ಕ್ಷಣ ನಿಂತು ಕೂಗಲಿ ಎಂದು ಅದನ್ನು ಹಾಕಿದ್ದೇವೆ. ಚಿಲಕ ಹಾಕುವ ಕೆಲಸ ನಮ್ಮದೇ.

‘ಲಸಿಕೆ ಹಾಕಿಸಿದ್ದೀವಿ’ ಅನ್ನುವ ಉತ್ತರಕ್ಕೂ ಇದೇ ಮಾತು. ಲಸಿಕೆಯಿಂದ ರೇಬೀಸ್ ಭಯ ಕಡಿಮೆಯಾಗುತ್ತದೆ, ನಿಮ್ಮ ಕಾಲಿನ ಗಾಯ ಮಾಯುವುದಿಲ್ಲ. ಅಂದಹಾಗೆ, ಆ ಮಾತು ನಂಬಿ ನೀವು ಇಂಜೆಕ್ಷನ್ ತಪ್ಪಿಸಬೇಡಿ. ಕಚ್ಚಿದ ತಕ್ಷಣ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಬಹಳ ಅಪರೂಪ. ಕಾನೂನಿನ ಮಾತೆಲ್ಲ ಇದರ ನಂತರ.

ಈಗ ದುಡ್ಡಿನ ವಿಷಯ. ಜಾಸ್ತಿ ಜನ ಇಲ್ಲಿ ಎಡವುತ್ತಾರೆ. ಠಾಣೆಯಲ್ಲಿ ಕೊಡುವ ದೂರು ಶಿಕ್ಷೆಗಾಗಿ. 291ನೇ ಕಲಂ ಅಡಿ ಪೊಲೀಸರು ನೇರವಾಗಿ ಎಫ್‌ಐಆರ್ ದಾಖಲಿಸಬಹುದು. ‘ಇದೆಲ್ಲ ಸಿವಿಲ್ ವಿಷಯ, ನೀವೇ ಮಾತಾಡ್ಕೊಳ್ಳಿ’ ಅಂದರೆ ಕಲಂ ನಂಬರ್ ಬರೆದ ಅರ್ಜಿಯನ್ನೇ ಕೊಟ್ಟು ಸ್ವೀಕೃತಿ ಪಡೆಯಿರಿ. ದಂಡದ ಹಣ ಸರ್ಕಾರಕ್ಕೆ ಹೋಗುತ್ತದೆ. ಅದರಲ್ಲಿ ನಿಮಗೆ ಪರಿಹಾರ ಕೊಡಿಸುವ ಅಧಿಕಾರ ಕೋರ್ಟಿಗೆ ಇದ್ದರೂ ಅದರಿಂದ ನಿಮ್ಮ ನಷ್ಟ ತುಂಬುವುದು ಕಷ್ಟ. ನಿಜವಾದ ಪರಿಹಾರ ಬರುವುದು ಸಿವಿಲ್ ದಾವೆಯಿಂದ. ಆಸ್ಪತ್ರೆ ಖರ್ಚು, ಓಡಾಟದ ಖರ್ಚು, ಹೋದ 12 ದಿನದ ಸಂಬಳ, ಉಳಿದ ಕಲೆ, ಪಟ್ಟ ನೋವು, ಮುಂದೆ ಬೇಕಾಗುವ ಚಿಕಿತ್ಸೆ, ಎಲ್ಲವನ್ನೂ ಕೇಳಬಹುದು. ಮೊದಲು ವಕೀಲರಿಂದ ನೋಟಿಸ್ ಕೊಡಿಸಿ. ಎಷ್ಟೋ ಪ್ರಕರಣ ಅಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷ ಕಾಲಾವಕಾಶ. ಕಚ್ಚಿಸಿಕೊಂಡಿದ್ದು ಮಗುವಾದರೆ ಆ 3 ವರ್ಷ ಶುರುವಾಗುವುದು 18 ತುಂಬಿದ ಮೇಲೆ.

ಆದರೆ ಸಾಕ್ಷ್ಯ ಅಷ್ಟು ದಿನ ಕಾಯುವುದಿಲ್ಲ. ಎದುರು ಮನೆಯ ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ. ಗಾಯ ವಾಸಿಯಾಗುವ ಮೊದಲೇ ಫೋಟೋ ಬೇಕು. ಆಸ್ಪತ್ರೆಯ ಚೀಟಿಯಲ್ಲಿ ‘ನಾಯಿ ಕಡಿತ’ ಎಂದಷ್ಟೇ ಬರೆದರೆ ಸಾಲದು. ಇಂಥವರ ಮನೆಯ ಸಾಕು ನಾಯಿ ಎಂದು ಹೇಳಿ ಬರೆಸಿ. ಇದೊಂದನ್ನು ಎಲ್ಲರೂ ಮರೆಯುತ್ತಾರೆ, ಆಮೇಲೆ ‘ಬೀದಿ ನಾಯಿ ಕಚ್ಚಿದ್ದು’ ಎಂದು ಮಾಲೀಕರು ಜಾರಿಕೊಳ್ಳುತ್ತಾರೆ.

ನಿಜಕ್ಕೂ ಬೀದಿ ನಾಯಿಯೇ ಆಗಿದ್ದರೆ ದಾರಿ ಬೇರೆ, ಅಲ್ಲಿ ಕೇಳಬೇಕಾದ್ದು ಸ್ಥಳೀಯ ಸಂಸ್ಥೆಯನ್ನು. ಕರ್ನಾಟಕದಲ್ಲಿ ಸರ್ಕಾರ ನಿಗದಿ ಮಾಡಿರುವುದು ಸಾವಿಗೆ 5 ಲಕ್ಷ, ಗಾಯಕ್ಕೆ 5,000 ರೂಪಾಯಿ. ಆ 5,000ದಲ್ಲಿ ಗಾಯಾಳುವಿನ ಕೈಗೆ ಬರುವುದು 3,500, ಉಳಿದದ್ದು ಚಿಕಿತ್ಸೆಯ ಲೆಕ್ಕಕ್ಕೆ. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರಲ್ಲಿ ಒಂದೊಂದು ಹಲ್ಲಿನ ಗುರುತಿಗೆ ಕನಿಷ್ಠ 10,000 ರೂಪಾಯಿ ಎಂದು ಹೇಳಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಮ್ಮ ಮೊತ್ತ ತೀರಾ ಕಡಿಮೆ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಯಾರೂ ನನ್ನನ್ನು ಕೇಳದ ಒಂದು ಪ್ರಶ್ನೆ. ನಾಯಿ ಇರುವ ಮನೆಗೆ ದಿನಾ ಕೆಲಸಕ್ಕೆ ಬರುವಾಕೆಗೆ ಕಚ್ಚಿದರೆ? ಆಕೆ ಪತ್ರ ಬರೆಯುವುದಿಲ್ಲ, ಅದಕ್ಕೇ ಈ ಪ್ರಶ್ನೆ ಬರುವುದಿಲ್ಲ. ‘ಅಮ್ಮಾವ್ರು ಇಂಜೆಕ್ಷನ್ ಕೊಡಿಸಿದ್ರು’ ಎಂದು ಹೇಳಿ ಮರುದಿನ ಅದೇ ಮನೆಗೆ ಹೋಗುತ್ತಾಳೆ. ಕೆಲಸ ಹೋದರೆ ಅನ್ನುವ ಭಯ. ಡೆಲಿವರಿ ಹುಡುಗರದೂ ಇದೇ ಪಾಡು. 2023ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಊಟ ತಂದುಕೊಟ್ಟ ಯುವಕನೊಬ್ಬ ಗ್ರಾಹಕರ ನಾಯಿ ಅಟ್ಟಿಸಿಕೊಂಡು ಬಂದಾಗ ಮೂರನೇ ಮಹಡಿಯಿಂದ ಬಿದ್ದು ಸತ್ತ. ಮಾಲೀಕರ ಮೇಲೆ ಕೇಸಾಯಿತು.

ಕೆಲಸಕ್ಕೆ ಬರುವವರ ಹಕ್ಕು ಅತಿಥಿಯ ಹಕ್ಕಿಗಿಂತ ಒಂದು ಕೂದಲೆಳೆಯಷ್ಟೂ ಕಡಿಮೆಯಲ್ಲ. ನನ್ನನ್ನು ಕೇಳಿದರೆ ಅವರ ಕೇಸೇ ಹೆಚ್ಚು ಗಟ್ಟಿ. ಅವರು ಎಷ್ಟು ಹೊತ್ತಿಗೆ ಬರುತ್ತಾರೆ ಅನ್ನುವುದು ಮನೆಯವರಿಗೆ ಗೊತ್ತಿರುತ್ತದೆ, ಆ ಹೊತ್ತಿಗೆ ನಾಯಿಯನ್ನು ಕಟ್ಟುವುದು ಕಷ್ಟವೇನಲ್ಲ. ವಕೀಲರ ಫೀಸಿನ ಚಿಂತೆಯೂ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನಲ್ಲೇ ಅದರ ಸಮಿತಿ ಇರುತ್ತದೆ. ಕೇಸು ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ಕೂತು ಮಾತಾಡಿ ಮುಗಿಸಿಕೊಳ್ಳಬಹುದು, ಅದಕ್ಕೆ ಕೋರ್ಟ್ ಫೀಸೂ ಇಲ್ಲ. ನಿಮ್ಮ ಪರಿಚಯದಲ್ಲಿ ಹೀಗೆ ಕಚ್ಚಿಸಿಕೊಂಡು ಸುಮ್ಮನಿರುವವರು ಇದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ನೀವೇ ಕರೆ ಮಾಡಿ, ಫೋನನ್ನು ಅವರ ಕೈಗೆ ಕೊಡಿ.