ಟೈಮ್‌ಟೇಬಲ್ ಬೇಕು, ಅದೇ ಟೈಮ್‌ಟೇಬಲ್ ಬೇಡ

"ಡಾಕ್ಟ್ರೇ, ಪ್ಲಾನ್ ಇಲ್ಲದಿದ್ರೆ ತಲೆ ಕೆಡುತ್ತೆ. ಪ್ಲಾನ್ ಮಾಡಿದ್ರೆ ಮೂರನೇ ದಿನಕ್ಕೇ ಅದರ ಮುಖ ನೋಡೋಕಾಗಲ್ಲ." ಆಟಿಸಂ (ಜನರೊಡನೆ ಬೆರೆಯುವ ರೀತಿ, ಸದ್ದು-ಸ್ಪರ್ಶ ತಟ್ಟುವ ರೀತಿ ಬೇರೆಯಾಗಿರುವುದು), ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದಿರುವುದು, ಮರೆವು, ಚಡಪಡಿಕೆ) ಎರಡೂ ಇರುವ ವಯಸ್ಕರಿಂದ ನಾನು ಜಾಸ್ತಿ ಕೇಳುವ ಮಾತು ಇದೇ. ಆಟಿಸಂಗೆ ಎಲ್ಲವೂ ಮೊದಲೇ ಗೊತ್ತಿರಬೇಕು. ಎಡಿಎಚ್‌ಡಿಗೆ ಹೊಸದು ಬೇಕು. ಒಂದೇ ತಲೆಯೊಳಗೆ ಹಗ್ಗಜಗ್ಗಾಟ.

ಎರಡೂ ಇರುವುದು ಬೇಗ ಪತ್ತೆಯಾಗುವುದಿಲ್ಲ, ಯಾಕಂದ್ರೆ ಒಂದು ಇನ್ನೊಂದನ್ನು ಮುಚ್ಚಿಡುತ್ತದೆ. ಎಡಿಎಚ್‌ಡಿಯ ಮರೆವನ್ನು ಆಟಿಸಂನ ಕಟ್ಟುನಿಟ್ಟಿನ ಪಟ್ಟಿಗಳು ಮರೆಮಾಡುತ್ತವೆ. ಪಟಪಟ ಮಾತಾಡುವವರನ್ನು ನೋಡಿ ಯಾರಿಗೂ ಆಟಿಸಂ ನೆನಪಾಗುವುದಿಲ್ಲ. ನಿಯಮವೂ ಅಡ್ಡ ಬಂದಿತ್ತು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್ಎಂ, ಆಟಿಸಂ ಇದ್ದವರಿಗೆ ಎಡಿಎಚ್‌ಡಿ ಎಂದೂ ಬರೆಯಲು 2013ರವರೆಗೆ ಬಿಡುತ್ತಿರಲಿಲ್ಲ. ಹಾಗಾಗಿ ಅದಕ್ಕೂ ಮೊದಲು ಬೆಳೆದ ಎಷ್ಟೋ ಜನರಿಗೆ ಸಿಕ್ಕಿದ್ದು ಅರ್ಧ ಉತ್ತರ. ಕೆಲವರಿಗೆ ಅದೂ ಇಲ್ಲ, ಸುಮ್ನೆ "ಸೋಮಾರಿ" ಅನ್ನೋ ಹೆಸರು.

ಒಂದಕ್ಕೆ ಕೊಡುವ ಸಲಹೆ ಇನ್ನೊಂದಕ್ಕೆ ಕಾಟವಾಗಬಹುದು. ಮಾತ್ರೆ ಮರೆಯುತ್ತಿದ್ದ ಒಬ್ಬರಿಗೆ ಯಾರೋ ಅಲಾರಂ ಇಡಲು ಹೇಳಿದ್ದರು. ಆ ಸದ್ದು ಅವರಿಗೆ ಕಿವಿಗೆ ಮೊಳೆ ಹೊಡೆದ ಹಾಗೆ. ಕೂಗುವ ಮೊದಲೇ ಆಫ್ ಮಾಡುತ್ತಿದ್ದರು, ಮಾತ್ರೆಯನ್ನೂ ಮರೆಯುತ್ತಿದ್ದರು. ಕೊನೆಗೆ ಕೈಗಡಿಯಾರದ ಕಂಪನಕ್ಕೆ ಬಂದೆವು. ಕೆಲವು ದಿನ ಚೆನ್ನಾಗಿ ನಡೆಯಿತು, ಆಮೇಲೆ ಅದು ಗಮನಕ್ಕೇ ಬರಲಿಲ್ಲ. ಈಗ ಕಂಪನದ ರೀತಿಯನ್ನು ಆಗಾಗ ಬದಲಿಸುತ್ತಾರೆ. ಮಾತ್ರೆಯ ಡಬ್ಬಿ ಮಾತ್ರ ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ, ಅದು ಕದಲುವುದಿಲ್ಲ.

ದಿನಚರಿಗೂ ನಾನು ಹೇಳುವುದು ಇದನ್ನೇ. ಏಳುವ, ಉಣ್ಣುವ, ಮಲಗುವ ಹೊತ್ತು ಗಟ್ಟಿಯಾಗಿರಲಿ. ನಡುವಿನ ಕೆಲಸಗಳನ್ನು ಚೀಟಿಗಳಲ್ಲಿ ಬರೆದಿಟ್ಟು, ಆವತ್ತು ಮನಸ್ಸಾದದ್ದನ್ನು ಎತ್ತಿಕೊಳ್ಳಿ. ಉಣ್ಣುವ ಹೊತ್ತಿಗೆ ಹಸಿವಿನ ದಾರಿ ಕಾಯಬೇಡಿ. ಹಸಿವು, ಬಾಯಾರಿಕೆ ಹಲವರಿಗೆ ತಡವಾಗಿ ಗೊತ್ತಾಗುತ್ತದೆ, ಅಷ್ಟರಲ್ಲಿ ಸಿಟ್ಟು ನೆತ್ತಿಗೇರಿರುತ್ತದೆ.

ಇನ್ನು ಔಷಧಿ. ಆಟಿಸಂಗೆ ಅಂತ ಮಾತ್ರೆ ಇಲ್ಲ, ಬೇಕಾಗಿಯೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಎಡಿಎಚ್‌ಡಿಗೆ ಮೀಥೈಲ್‌ಫೆನಿಡೇಟ್‌ನಂಥವು ಇವೆ. ಎರಡೂ ಇರುವವರಲ್ಲಿ ಅಡ್ಡಪರಿಣಾಮ ಜಾಸ್ತಿ ಕಾಣಬಹುದು, ಅದಕ್ಕೇ ಚಿಕ್ಕ ಡೋಸ್‌ನಿಂದ ಶುರು ಮಾಡಿ ನಿಧಾನಕ್ಕೆ ಏರಿಸುತ್ತೇವೆ. ಕೆಲವರು ಇನ್ನೊಂದು ವಿಷಯ ಹೇಳುತ್ತಾರೆ: ತಲೆಯೊಳಗಿನ ಗದ್ದಲ ಇಳಿದ ಮೇಲೆ ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆ, ಬಟ್ಟೆಯ ಹೊಲಿಗೆ ಚುಚ್ಚುವುದು ಇನ್ನೂ ಜೋರಾಗಿ ಗೊತ್ತಾಗುತ್ತದಂತೆ. ಹಾಗಾದರೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಯಾವ ಹೊತ್ತಿಗೆ, ಏನು ಕಿರಿಕಿರಿಯಾಯಿತು ಅಂತ ಬರೆದು ತನ್ನಿ. ಕೆಲವೊಮ್ಮೆ ಡೋಸ್ ಬದಲಿಸುತ್ತೇವೆ, ಕೆಲವೊಮ್ಮೆ ಬರೀ ಬಲ್ಬ್ ಬದಲಿಸಿದರೆ ಸಾಕಾಗುತ್ತದೆ.